ವೀಸಾ ಬೇಡದ ದೇಶಕ್ಕೆ ಚಂದ್ರಶೇಖರ

ದಿಲ್ಲಿಯಲ್ಲಿ ನೌಕರಿ ಮಾಡುವ ಕನ್ನಡಿಗನಿಗೆ ಎರಡು ಕೆಲಸ. ವಾರವೆಲ್ಲ ಸರ್ಕಾರದ್ದು, ರಜೆ ಬಂದರೆ ನೆಂಟರದ್ದು. ಪೀತಮ್‌ಪುರದ ಚಂದ್ರಶೇಖರ ಊರಿಂದ ಬಂದವರನ್ನೆಲ್ಲ ಆಗ್ರಾಕ್ಕೆ ಕರೆದೊಯ್ದು ಕರೆದೊಯ್ದು, ತಾಜಮಹಲನ್ನು ಷಾಜಹಾನನಿಗಿಂತ ಹೆಚ್ಚು ಸಲ ನೋಡಿಬಿಟ್ಟಿದ್ದ. ಹೆಂಡತಿ ಅಹಲ್ಯಾ ಅದೇ ನೆಂಟರಿಗೆ ಚಪಾತಿ ಲಟ್ಟಿಸುತ್ತ ಕುತುಬ್ ಮಿನಾರನ್ನು ಇನ್ನೂ ಹತ್ತಿರದಿಂದ ನೋಡಿರಲಿಲ್ಲ.

ಈ ಸಲ ಇಬ್ಬರೂ ಆಣೆ ಮಾಡಿಕೊಂಡರು. ಐದು ದಿನ ಮಲೇಷ್ಯಾ. ಅವನು ಯಾರಿಗೂ ಏನೂ ತೋರಿಸುವ ಹಾಗಿಲ್ಲ, ಅವಳು ಯಾರಿಗೂ ಏನೂ ಬಡಿಸುವ ಹಾಗಿಲ್ಲ. ವೀಸಾ ಬೇರೆ ಬೇಡವಂತೆ. ಇನ್ನೇನು ಬೇಕು?

ಇನ್ನೇನು ಬೇಕು ಎಂಬುದನ್ನು ಹೊರಡುವ ದಿನ ಬೆಳಿಗ್ಗೆ ಮೇಲಿನ ಮನೆಯ ಗುಂಡಣ್ಣನವರು ಹೇಳಿದರು. ನಿವೃತ್ತ ಅಧಿಕಾರಿ, ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕದೆ ಅವರಿಗೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ವೀಸಾ ಬೇಡ ಅಂದ್ರೆ ಏನೂ ಬೇಡ ಅಂತಲ್ಲ ಕಣಯ್ಯಾ! ವೀಸಾ ಇದ್ದಿದ್ರೆ ಎಲ್ಲಾ ಮೊದಲೇ ನೋಡಿರ್ತಿದ್ರು. ಈಗ ಬಾಗಿಲಲ್ಲೇ ನಿಲ್ಲಿಸಿ ಕೇಳ್ತಾರೆ. ವಾಪಸ್ ಟಿಕೆಟ್ ಎಲ್ಲಿ? ಉಳ್ಕೊಳ್ಳೋದೆಲ್ಲಿ? ಖರ್ಚಿಗೇನಿದೆ? ಪಾಸ್‌ಪೋರ್ಟು ಇನ್ನೂ ಆರು ತಿಂಗಳು ನಡೆಯುತ್ತಾ? ಆನ್‌ಲೈನಲ್ಲಿ ಅರೈವಲ್ ಕಾರ್ಡ್ ತುಂಬಿದೀಯಾ?"

"ಅದ್ಯಾವ ಕಾರ್ಡು ಸಾರ್?"

"ಕೆಟ್ಟೆ ಬಿಡು," ಎಂದರು ಗುಂಡಣ್ಣನವರು ತೃಪ್ತಿಯಿಂದ.

ಚಂದ್ರಶೇಖರ ಮನೆಯವರನ್ನೆಲ್ಲ ಕೂಗಿ ಕರೆದ. ಮಗಳು ಮಯೂರಿ ಸಮಾಧಾನ ಹೇಳಿದಳು. "ಪಪ್ಪಾ, ಟೆನ್ಶನ್ ಮತ್ ಲೋ. ನಾನು ಫಿಲ್ ಮಾಡ್ತೀನಿ ನಾ." ಕಿವಿಯಲ್ಲಿ ಗೆಳತಿಯ ಫೋನು, ಕೈಯಲ್ಲಿ ಲ್ಯಾಪ್‌ಟಾಪು. ಎರಡೇ ಗಳಿಗೆಯಲ್ಲಿ ಕಾರ್ಡಿನಲ್ಲಿ ಅಪ್ಪನನ್ನು ಹೆಣ್ಣು ಮಾಡಿ ಅಮ್ಮನನ್ನು ಗಂಡು ಮಾಡಿಟ್ಟಳು.

"ಅಲ್ಲಿಗೆ ನಾನು ಸೀರೆ ಉಟ್ಕೊಂಡು ಹೋಗ್ಲೇನೇ?" ಎಂದು ಚಂದ್ರಶೇಖರ ಕೂಗಾಡಿ, ಎಲ್ಲವನ್ನೂ ಮೊದಲಿನಿಂದ ತುಂಬಿಸಿದ. ಆಮೇಲೆ ಪ್ರಿಂಟಿಗೆ ಓಡಿದ. "ಭಯ್ಯಾ, ಜಲ್ದೀ!" ಎನ್ನುವಷ್ಟರಲ್ಲಿ ಆ ಅಂಗಡಿಯಲ್ಲಿ ಕರೆಂಟು ಹೋಯಿತು. ಮುಂದಿನ ಗಲ್ಲಿಗೆ ಓಡಿದ.

ಬೆವರು ಸುರಿಸುತ್ತ ಮರಳಿದಾಗ ಗುಂಡಣ್ಣನವರು ಸೋಫಾದಲ್ಲಿ ಮಲೇಷ್ಯಾದ ಅಧಿಕಾರಿಯಾಗಿ ಕೂತು ಅಹಲ್ಯಾಳಿಗೆ ತಾಲೀಮು ಕೊಡುತ್ತಿದ್ದರು.

"ನಮ್ಮ ದೇಶಕ್ಕೆ ಯಾಕೆ ಬಂದಿದ್ದೀರಿ?"

"ಅಡುಗೆ ಮಾಡ್ದೇ ಇರೋಕೆ," ಎಂದಳು ಅಹಲ್ಯಾ.

"ತಾಯಿ, ಅಲ್ಲಿ ಹೀಗೆ ಹೇಳ್ಬೇಡಮ್ಮಾ!"

ಅಂತೂ ಇಂತೂ ವಿಮಾನ ನಿಲ್ದಾಣ ಮುಟ್ಟಿದರು. ಕೌಂಟರಿನ ಹುಡುಗಿ ಒಂದೊಂದಾಗಿ ಕೇಳಿದಳು. ವಾಪಸ್ ಟಿಕೆಟ್? ಇಗೋ. ಹೋಟೆಲ್? ಇಗೋ. ಅರೈವಲ್ ಕಾರ್ಡ್? ಚಂದ್ರಶೇಖರ ಇಸ್ಪೀಟಿನಲ್ಲಿ ಎಕ್ಕ ಇಳಿಸುವವನ ಹಾಗೆ ಒಂದೊಂದನ್ನೇ ಟಪ್ಪೆಂದು ಮೇಜಿನ ಮೇಲೆ ಬಡಿದ.

"ಪರ್ಫೆಕ್ಟ್ ಸರ್!" ಎಂದಳು ಹುಡುಗಿ. ಕಚೇರಿಯಲ್ಲಿ ಇಷ್ಟು ವರ್ಷ ದುಡಿದರೂ ಯಾರೂ ಅವನಿಗೆ ಆ ಮಾತು ಹೇಳಿರಲಿಲ್ಲ. ಖುಷಿಗೆ ಅವನ ಕಾಲು ನೆಲದ ಮೇಲಿರಲಿಲ್ಲ. ಅಹಲ್ಯಾ ಕೂಡ ಗಂಡನನ್ನು ಹೊಸಬನನ್ನು ನೋಡುವಂತೆ ನೋಡಿದಳು.

ಅಷ್ಟರಲ್ಲಿ ಹಿಂದಿನಿಂದ ಗೋಳು ಕೇಳಿತು. "ಅಯ್ಯೋ ಶಿವನೇ, ಇಲ್ಲಿ ಕನ್ನಡ ಬರೋರು ಒಬ್ರೂ ಇಲ್ವಾ?"

ಅಹಲ್ಯಾ ಅವನ ಮಣಿಕಟ್ಟು ಹಿಡಿದಳು. "ತಿರುಗಿ ನೋಡಿದ್ರೆ ಜೋಕೆ!"

ಅವನು ನೋಡಿದ. ದಿಲ್ಲಿ ನೋಡಿಕೊಂಡು ಮಲೇಷ್ಯಾಕ್ಕೆ ಹೊರಟಿದ್ದ, ಚಿತ್ರದುರ್ಗದ ಕಡೆಯ ನಿವೃತ್ತ ಮೇಷ್ಟರು, ಮೇಡಮ್ಮುಗಳ ಗುಂಪು, ಎಲ್ಲರ ತಲೆಗೂ ಒಂದೇ ಬಣ್ಣದ ಟೋಪಿ. ಮುಂದಾಳು ಶಾಂತಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. "ಹೋಗಿ ಬರೋ ಟಿಕೆಟ್ ಕೊಟ್ಟು ಏಜೆಂಟು ಮಾಯ ಆದನಪ್ಪಾ. ವೀಸಾ ಬೇಡ, ಏನೂ ಬೇಡ ಅಂದಿದ್ದ."

"ಏನೂ ಬೇಡ ಅಂತಲ್ಲ ಅಮ್ಮಾ!" ಎಂದ ಚಂದ್ರಶೇಖರ. ಬೆಳಿಗ್ಗೆ ಕಲಿತ ವಿದ್ಯೆ ಮಧ್ಯಾಹ್ನಕ್ಕೇ ಉಕ್ಕಿ ಬಂತು. ಗುಂಡಣ್ಣನವರ ಗತ್ತಿನಲ್ಲೇ ಪಾಸ್‌ಪೋರ್ಟುಗಳ ತಾರೀಖು ನೋಡಿದ. ಎಲ್ಲರ ಫೋನು ತೆಗೆದುಕೊಂಡು ಅರೈವಲ್ ಕಾರ್ಡು ತುಂಬತೊಡಗಿದ. ಗಂಡಸರು ಗಂಡಸರಾಗಿಯೇ ಉಳಿದರು. ಆದರೆ ಉಳಿದುಕೊಳ್ಳುವ ವಿಳಾಸ ಎಂಬಲ್ಲಿ ಗಾಡಿ ನಿಂತಿತು. ಹೋಟೆಲ್ಲನ್ನು ಅಲ್ಲಿ ಹೋದ ಮೇಲೆ ಹೇಳುತ್ತೇನೆ ಎಂದಿದ್ದನಂತೆ ಏಜೆಂಟು. ವಿಳಾಸವಿಲ್ಲದೆ ಕಾರ್ಡಿಲ್ಲ, ಕಾರ್ಡಿಲ್ಲದೆ ಪ್ರಯಾಣವಿಲ್ಲ. ಶಾಂತಮ್ಮನ ಮುಖ ಬಾಡಿತು.

ಗೆಲುವಿನ ದಡಕ್ಕೆ ಬಂದು ಸೋಲುವ ಮನಸ್ಸು ಚಂದ್ರಶೇಖರನಿಗಿರಲಿಲ್ಲ. "ಯೋಚನೆ ಬಿಡಿ! ನಮ್ಮ ಹೋಟೆಲ್ಲಲ್ಲೇ ರೂಮು ಮಾಡಿಸ್ತೀನಿ," ಎಂದವನೇ ಫೋನಿನಲ್ಲಿ ಬುಕ್ ಮಾಡಿಸಿ, ವಿಳಾಸ ತುಂಬಿ, ಕೊನೆಯ ಬಟನ್ ಒತ್ತಿದ. ಎಲ್ಲರಿಗೂ ಬೋರ್ಡಿಂಗ್ ಪಾಸ್ ಸಿಕ್ಕಿತು. ಮೇಷ್ಟರುಗಳು ಚಪ್ಪಾಳೆ ತಟ್ಟಿದರು, ಒಬ್ಬರು ಸೀಟಿಯನ್ನೂ ಹಾಕಿದರು. ನಿಲ್ದಾಣದ ಅರ್ಧ ಜನ ತಿರುಗಿ ನೋಡಿದರು. ಚಂದ್ರಶೇಖರ ಕೈಮುಗಿದು ಎಲ್ಲರಿಗೂ ನಮಸ್ಕಾರ ಮಾಡಿದ.

"ಏಜೆಂಟು ಕೈ ಕೊಟ್ರೂ ದೇವರು ಕೈ ಬಿಡ್ಲಿಲ್ಲ," ಎಂದು ಶಾಂತಮ್ಮ ಅವನ ತಲೆಗೊಂದು ಟೋಪಿ ಇಟ್ಟರು. "ಐದು ದಿನವೂ ನಿಮ್ಮ ಹಿಂದೇನೇ ಇರ್ತೀವಪ್ಪಾ. ಎಲ್ಲಾ ನೀವೇ ತೋರಿಸ್ಬೇಕು. ಊಟಕ್ಕೆ ನಿಮ್ಮ ಮನೆಯವರಿಗೆ ತೊಂದರೆ ಕೊಡಲ್ಲ, ರೊಟ್ಟಿ, ಚಟ್ನಿಪುಡಿ, ಚಕ್ಕುಲಿ ಎಲ್ಲಾ ನಾವೇ ತಂದಿದೀವಿ."

ಐದು ದಿನ! ತಾನು ಮಾಡಿಕೊಂಡದ್ದೇನೆಂದು ಚಂದ್ರಶೇಖರನಿಗೆ ಆಗ ಹೊಳೆಯಿತು. ಹೆಂಡತಿ ಏನನ್ನುತ್ತಾಳೋ ಎಂದು ಅಳುಕುತ್ತ ಪಕ್ಕಕ್ಕೆ ತಿರುಗಿದ. ಅವಳು ಪಕ್ಕದಲ್ಲಿರಲಿಲ್ಲ.

ಅಹಲ್ಯಾ ಆಗಲೇ ಸಾಲಿನಲ್ಲಿ ಸೇರಿಕೊಂಡು, ಟೋಪಿ ಹಾಕಿಕೊಂಡು, ಶಾಂತಮ್ಮನ ಚಕ್ಕುಲಿ ಕಟುಮ್ಮೆನಿಸುತ್ತಿದ್ದಳು. ಗಂಡನ ಮುಖ ನೋಡಿ ಕೈಯೆತ್ತಿ ಕೇಳಿದಳು:

"ಗೈಡ್ ಸಾರ್, ಈಗ ನಾವು ಯಾವ ಕಡೆ ಹೋಗ್ಬೇಕು?"