ಖಾಲಿ ಟ್ಯಾಂಕಿನ ನೀರು

"ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ! ಈ ನಾಲ್ಕು ತಾಲ್ಲೂಕಿನಾಗೆ ನನ್ನನ್ನ ಸೋಲಿಸೋ ಪಂಪು ಒಂದಿದ್ರೆ ತಂದು ಮುಂದೆ ನಿಲ್ಲಿಸ್ರಿ. ಅವತ್ತೇ ಈ ಮೀಸೆ ಬೋಳಿಸ್ತೀನಿ!"

ಚನ್ನರಾಯಪಟ್ಟಣದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ಈಶ್ವರಯ್ಯನವರು ಈ ಮಾತನ್ನು ದಿನಕ್ಕೆರಡು ಸಲವಾದರೂ ಹೇಳದಿದ್ದರೆ ಉಂಡ ಅನ್ನ ಅವರಿಗೆ ಅರಗುತ್ತಿರಲಿಲ್ಲ. ಮೀಸೆಯೇನು ಸಾಮಾನ್ಯದ್ದೇ? ಎರಡೂ ತುದಿ ಕೆನ್ನೆ ದಾಟಿ ಕಿವಿಯ ಕಡೆಗೆ ಹೊರಟಿತ್ತು. ಅರವತ್ತನಾಲ್ಕನೇ ಇಸವಿಯ ಆ ಬೇಸಿಗೆಯಲ್ಲಿ ಅದರ ಕಡೆಗೆ ಕತ್ತರಿ ಬಂದದ್ದು ಎರಡು ಚಕ್ರದ ಮೇಲೆ.

ಅದೊಂದು ಗಾಡಿಮನೆ. ಜೀಪಿನ ಹಿಂದೆ ಕಟ್ಟಿ ಎಳೆಯುವ ಕೋಣೆ ಅನ್ನಿ. ಒಳಗೆ ಎರಡು ಮಂಚ, ಒಂದು ಸೀಮೆಎಣ್ಣೆ ಸ್ಟೋವು, ಕೈ ತೊಳೆಯಲು ಬೋಗುಣಿ, ಮಂಚದ ಕೆಳಗೆ ಹನ್ನೆರಡು ಬಿಂದಿಗೆ ಹಿಡಿಯುವ ನೀರಿನ ಟ್ಯಾಂಕು, ಬ್ಯಾಟರಿಯಲ್ಲಿ ಓಡುವ ಪುಟಾಣಿ ಪಂಪು. ಕೊಳಾಯಿ ತಿರುಗಿಸಿದರೆ ಪಂಪು ತಾನಾಗಿ ಓಡುತ್ತದೆ, ಮುಚ್ಚಿದರೆ ತಾನಾಗಿ ನಿಲ್ಲುತ್ತದೆ. ಟ್ಯಾಂಕಿನಲ್ಲಿ ನೀರೆಷ್ಟಿದೆ ಎಂದು ತೋರಿಸಲು ಗೋಡೆಯ ಮೇಲೆ ಗಡಿಯಾರದಂಥ ಒಂದು ಮುಳ್ಳು. ಚಿಟ್ಟೆ ಹಿಡಿಯಲು ಬಂದಿದ್ದ ಯಾವನೋ ಬಿಳಿಯ ಇದನ್ನು ಕೊಣನೂರಿನ ಬಳಿ ಬಿಟ್ಟುಹೋಗಿದ್ದ. ಅಲ್ಲಿನ ರಂಗಸ್ವಾಮಿ, ಈಶ್ವರಯ್ಯನವರ ಬಾಲ್ಯದ ಗೆಳೆಯ, "ನನ್ನ ತ್ವಾಟದಾಗೆ ಕೋಳಿ ಮೊಟ್ಟೆ ಇಡಾಕಷ್ಟೇ ಆಯ್ತದೆ, ನೀನೇ ತಗಂಡೋಗು" ಎಂದು ಕೊಟ್ಟುಬಿಟ್ಟಿದ್ದ. ಸೋಮವಾರ ಬೆಳಿಗ್ಗೆ ತನ್ನ ಜೀಪನ್ನೂ ತಂದು ಎಂಟು ದಿನ ತಾನೇ ಓಡಿಸುವುದಾಗಿ ಒಪ್ಪಿಕೊಂಡಿದ್ದ. ಆ ಎಂಟು ದಿನ ತಪ್ಪಿದರೆ ಜೀಪು ಮತ್ತೆ ಸಿಗುವುದಿಲ್ಲ.

ಎಲ್ಲಿಗೆ ಪ್ರಯಾಣ? ಸಮುದ್ರಕ್ಕೆ! ಈಶ್ವರಯ್ಯನವರ ಹೆಂಡತಿ ದಾಕ್ಷಾಯಣಮ್ಮ ಮದುವೆಯಾದ ವರ್ಷ ಕೇಳಿದ್ದು ಒಂದೇ. "ಒಂದು ಸಲ ಸಮುದ್ರ ತೋರಿಸ್ರಿ." ಇಪ್ಪತ್ತೆರಡು ವರ್ಷ ಅವರು "ಮುಂದಿನ ಬೇಸಿಗೆ" ಎಂದಿದ್ದರು. ಈಗ ಆಕೆ ಅವಲಕ್ಕಿ, ಚಕ್ಕುಲಿ ಕಟ್ಟಿಟ್ಟು, ಸಮುದ್ರದ ನೀರು ತರಲೆಂದು ಒಂದು ಸೀಸೆಯನ್ನೂ ತೊಳೆದು ಒಣಗಿಸಿದ್ದರು. ಷರತ್ತು ಒಂದೇ: "ದಾರಿಯುದ್ದಕ್ಕೂ ಕಂಡವರ ಮನೆ ಬಾಗ್ಲಲ್ಲಿ ಚೊಂಬು ಹಿಡ್ಕೊಂಡು ನಿಲ್ಲೋಳಲ್ಲ ನಾನು. ಗಾಡಿಯೊಳಗೆ ನೀರು ಬಂದ್ರೆ ಬತ್ತೀನಿ, ಇಲ್ದಿದ್ರೆ ಇಲ್ಲ."

"ನೀರೇನು, ಗಂಗಾದೇವಿಯನ್ನೇ ಹಿಡಿದು ಒಳಗೆ ಕೂರಿಸ್ತೀನಿ!" ಎಂದರು ಈಶ್ವರಯ್ಯ.

ಬುಧವಾರ ಪಂಪು ಬಿಚ್ಚಿ ಕಟ್ಟಿದರು. ಕೊಳಾಯಿಯ ವಾಷರು ಸವೆದಿತ್ತು. ಹೊಸದನ್ನು ತರಲು ಹಾಸನಕ್ಕೆ ಯಾರು ಹೋಗುತ್ತಾರೆ? ಹಳೆಯ ಚಪ್ಪಲಿಯ ತೊಗಲು ಕತ್ತರಿಸಿ ಕೂರಿಸಿದರು. ಮುಳ್ಳಿನ ಎರಡು ಕೊನೆಯಲ್ಲಿದ್ದ ಇಂಗ್ಲಿಷ್ ಅಕ್ಷರ ಅಳಿಸಿಹೋಗಿತ್ತು. ಎರಡು ತುಂಡು ತಗಡಿನ ಮೇಲೆ 'ಖಾಲಿ', 'ತುಂಬಿದೆ' ಎಂದು ತಾವೇ ದುಂಡಗೆ ಬರೆದು, ಎಡಕ್ಕೊಂದು ಬಲಕ್ಕೊಂದು ಮೊಳೆಗೆ ಸಿಕ್ಕಿಸಿದರು. ಹನ್ನೆರಡು ಬಿಂದಿಗೆ ಸುರಿದರು. ಮುಳ್ಳು ಎಡದಿಂದ ಎದ್ದು ಬಲಕ್ಕೆ ಹೋಗಿ 'ತುಂಬಿದೆ'ಯ ಕೆಳಗೆ ನಿಂತಿತು. ಕೊಳಾಯಿಯಲ್ಲಿ ನೀರು ಜರ್ರೆಂದಿತು. ಈಶ್ವರಯ್ಯ ಮೀಸೆ ತಿರುವಿದರು.

ಗುರುವಾರ ಸಂಜೆ ಟ್ಯಾಂಕು ತೊಳೆದು ಬರಿದು ಮಾಡಿದಾಗ ಮುಳ್ಳು ಎಡಕ್ಕೆ ಮಲಗಿತು. ದೀಪ ಹಿಡಿದು ಬಂದ ದಾಕ್ಷಾಯಣಮ್ಮ ಅದನ್ನು ನೋಡಿ ನಿಂತುಬಿಟ್ಟರು.

"ಇದೇನ್ರೀ, ಖಾಲಿ ಅಂತ ಬರೆದು ದಕ್ಷಿಣಕ್ಕೆ ತೂಗಾಕಿದ್ದೀರಿ? ಯಮನ ದಿಕ್ಕು! ಪ್ರಯಾಣಕ್ಕೆ ಹೊರಟಿರೋ ಮನೆಯಾಗೆ ಬರಿದಾದದ್ದು ಯಮನ್ನ ತೋರಿಸ್ತಾ ಕೂತಿದ್ರೆ ಒಳ್ಳೇದಾಯ್ತದಾ?"

"ಲೇ, ಇದು ವಿಜ್ಞಾನ. ವಿಜ್ಞಾನಕ್ಕೆ ಯಮನೂ ಇಲ್ಲ, ಅವನ ಕೋಣವೂ ಇಲ್ಲ! ಹೋಗಿ ಸಾರು ಮರಳಿಸು."

ದಾಕ್ಷಾಯಣಮ್ಮ ಮಾತಾಡಲಿಲ್ಲ. ಹೆಂಡತಿ ಮಾತಾಡದಿದ್ದಾಗ ಗಂಡಸಾದವನು ಹೆದರಬೇಕು. ಈಶ್ವರಯ್ಯನವರಿಗೆ ಅಷ್ಟು ಬುದ್ಧಿ ಇರಲಿಲ್ಲ.

ಶುಕ್ರವಾರ ಮಟಮಟ ಮಧ್ಯಾಹ್ನ ಶುರುವಾಯಿತು ನೋಡಿ! ಪಕ್ಕದ ಮನೆಯ ಕೆಂಚಯ್ಯ ಬಾವಿಯಿಂದ ನೀರು ಸೇದಿ ಸೇದಿ ಕೊಟ್ಟ, ಈಶ್ವರಯ್ಯ ಸುರಿದರು. ಹನ್ನೆರಡು ಬಿಂದಿಗೆ ಆದ ಮೇಲೆ ಒಳಗೆ ಬಂದು ನೋಡಿದರೆ ಮುಳ್ಳು 'ಖಾಲಿ'ಯ ಕೆಳಗಿತ್ತು.

"ಎಲ್ಲಿಗೆ ಹೋಯ್ತೋ ನೀರು?"

"ಕುಡ್ಕಂಬುಟ್ಟ ಕಣಣ್ಣ," ಎಂದ ಕೆಂಚಯ್ಯ, ದನಿ ಇಳಿಸಿ. "ಆ ಚಿಟ್ಟೆ ದೊರೆ ಊರಿಗೆ ಓದ ಅಂತ ನಿಂಗ್ಯಾರು ಯೋಳಿದ್ದು? ಜರ ಬಂದು ಈ ಮಂಚದ ಮ್ಯಾಗೇ 'ನೀರು, ನೀರು' ಅಂತ ಪ್ರಾಣ ಬುಟ್ನಂತೆ."

"ಅವನಿಗೆ ಕನ್ನಡ ಎಲ್ಲಿ ಬರ್ತಿತ್ತೋ, ಮುಠ್ಠಾಳ?"

"ಸಾಯೋ ವತ್ನಾಗೆ ಎಲ್ಲಾರ್ಗೂ ಬತ್ತದೆ ಕಣಣ್ಣ!"

ಈಶ್ವರಯ್ಯ ನಕ್ಕು ಕೊಳಾಯಿ ತಿರುಗಿಸಿದರು. ಖಾಲಿ ಟ್ಯಾಂಕಿನಿಂದ ತಣ್ಣನೆಯ ನೀರು ದಬದಬ ಸುರಿಯಿತು! ನಗು ಅರ್ಧಕ್ಕೇ ನಿಂತಿತು. ಗಟ್ಟಿಯಾಗಿ ಮುಚ್ಚಿ, ಗಾಡಿಗೆ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು.

ದೀಪ ಹಚ್ಚುವ ಹೊತ್ತಿಗೆ ಬೀಗ ಹಾಕಿದ ಗಾಡಿಯೊಳಗೆ ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ 'ಊಂ...' ಎಂದು ನರಳಿದರು. ನಿಂತರು. ಮತ್ತೆ 'ಊಂ...' ಈಶ್ವರಯ್ಯ ಜಗಲಿಯಲ್ಲಿ ಕೂತಲ್ಲೇ ಬೆವೆತರು. ಅದು ಪಂಪಿನ ಸದ್ದೆಂದು ಅವರಿಗೆ ಗೊತ್ತು. ಆದರೆ ಕೊಳಾಯಿ ತಿರುಗಿಸದೆ ಪಂಪು ಓಡುವುದಿಲ್ಲ ಎಂಬುದೂ ಗೊತ್ತು. ಹಾಗಾದರೆ ತಿರುಗಿಸುತ್ತಿರುವ ಕೈ ಯಾರದು?

ಶನಿವಾರ ಬೆಳಕು ಹರಿಯುತ್ತಲೇ ಬೀಗ ತೆಗೆದರು. ಒಬ್ಬರೂ ಒಂದು ತೊಟ್ಟು ಸುರಿದಿಲ್ಲ. ಮುಳ್ಳು 'ತುಂಬಿದೆ'ಯ ಕೆಳಗೆ ಗಟ್ಟಿಯಾಗಿ ನಿಂತಿದೆ! ಕೊಳಾಯಿ ತಿರುಗಿಸಿದರೆ ಹನಿ ನೀರಿಲ್ಲ. ಬರೀ ಗಾಳಿ, ಬರೀ ನರಳಾಟ. ತುಂಬಿದ ಟ್ಯಾಂಕು ಉಸಿರು ಬಿಡುತ್ತದೆ, ಖಾಲಿ ಟ್ಯಾಂಕು ನೀರು ಕೊಡುತ್ತದೆ! ನಾಲ್ಕು ತಾಲ್ಲೂಕಿನ ಪಂಪುಗಳ ಹೊಟ್ಟೆ ಬಗೆದ ಈಶ್ವರಯ್ಯ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟರು. ಗಾಡಿಯೊಳಗೆ ಆ ಬೇಸಿಗೆಯಲ್ಲೂ ಚಳಿ ಹಿಡಿದಂತಿತ್ತು. ಯಾರೋ ಮಂಚದ ಮೇಲೆ ಕೂತು ತಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸಿ ಅವರು ಹಿಂದೆ ತಿರುಗಲಿಲ್ಲ. ಹಾಗೇ ಹಿಮ್ಮೆಟ್ಟಿ ಇಳಿದರು.

ಅವತ್ತು ಮಧ್ಯಾಹ್ನ ವಿಜ್ಞಾನದ ಮನುಷ್ಯ ಹಣೆಗೆ ಮೂರು ಬೆರಳು ವಿಭೂತಿ ಬಳಿದುಕೊಂಡು, ಹೆಂಡತಿ ಕಾಣದ ಹಾಗೆ ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಕಟ್ಟಿ, ತೆಂಗಿನಕಾಯಿ ಒಡೆದ. ದೊರೆಗೆ ಯಾವ ಭಾಷೆ ತಿಳಿಯುತ್ತದೋ ಎಂಬ ಅನುಮಾನದಿಂದ, "ಗೋ ಸಾ, ಪ್ಲೀಸ್ ಗೋ ಸಾ" ಎಂದು ಎರಡು ಸಲ ಕೈಮುಗಿದ.

ಸಾ ಹೋಗಲಿಲ್ಲ. ಭಾನುವಾರ ಸಂಜೆ ಕೊನೆಯ ಪರೀಕ್ಷೆ. ನಾಳೆ ಬೆಳಿಗ್ಗೆ ಜೀಪು ಬರುತ್ತದೆ. ಮತ್ತೆ ಹನ್ನೆರಡು ಬಿಂದಿಗೆ ಸುರಿದರು. ಹದಿಮೂರನೆಯದನ್ನು ಎತ್ತುವಾಗ ಟ್ಯಾಂಕಿಗೆ ನೀರು ಸುರಿಯುವ ಬಾಯಿ 'ಗೊಳಕ್' ಎಂದು ಕೆಂಚಯ್ಯನ ಮುಖಕ್ಕೆ ಉಗಿಯಿತು.

"ಉಗೀತಾನೆ ಕಣಣ್ಣೋ! ದೊರೆ ಉಗೀತಾನೆ!" ಬಿಂದಿಗೆ ಬಿಸಾಡಿ ಕೆಂಚಯ್ಯ ಬೇಲಿ ಹಾರಿದ. ಬೇಲಿಯ ಬಾಗಿಲು ಎರಡು ಮಾರು ದೂರದಲ್ಲೇ ಇತ್ತು.

ಈಶ್ವರಯ್ಯ ಒಳಗಿಣುಕಿದರು. ಮುಳ್ಳು 'ಖಾಲಿ'. ಭಯಕ್ಕೂ ಒಂದು ಮಿತಿ ಇದೆ, ಅದು ಮೀರಿದರೆ ಸಿಟ್ಟು ಬರುತ್ತದೆ. "ಖಾಲಿ ತಾನೆ? ಬರೀ ಹೊಟ್ಟೆಗೆ ಕೈ ಹಾಕಿ ನಿನ್ನನ್ನ ಹೊರಗೆಳೀತೀನಿ ಬಾ!" ಎಂದು ಗಾಡಿಯ ಕೆಳಗೆ ಅಂಗಾತ ತೆವಳಿಕೊಂಡು ಹೋಗಿ, ಟ್ಯಾಂಕಿನ ತಳದ ಬಿರಡೆಯನ್ನು ತಿರುಗಿಸಿದರು. ಬಿರಡೆ ಕೈಗೆ ಬಂತು. ಅದರ ಹಿಂದೆ ಹನ್ನೆರಡು ಬಿಂದಿಗೆ ನೀರೂ ಬಂತು. ಬಾಯಿಗೆ, ಮೂಗಿಗೆ, ಮೀಸೆಗೆ!

ದಾಕ್ಷಾಯಣಮ್ಮ ದೀಪ ಹಿಡಿದು ಬಂದಾಗ ಗಂಡ ಕೆಸರಿನಲ್ಲಿ ಕೂತಿದ್ದರು. ವಿಭೂತಿ ಗಲ್ಲಕ್ಕಿಳಿದಿತ್ತು.

"ನನ್ನ ಕೈಲಾಗಲ್ಲ ಕಣೇ," ಎಂದರು ಈಶ್ವರಯ್ಯ. ದನಿಯಲ್ಲಿ ಮೀಸೆ ಇರಲಿಲ್ಲ. "ಒಳಗೆ ಯಾರೋ ಅವ್ರೆ. ಸುರಿದ್ರೆ ಖಾಲಿಯಾಗ್ತದೆ, ಸುರೀದಿದ್ರೆ ತುಂಬ್ತದೆ. ನಿನ್ನನ್ನ ಇದ್ರಾಗೆ ಕೂರಿಸ್ಕೊಂಡು ಘಟ್ಟ ಇಳಿಯಾಕೆ ನನಗೆ ಧೈರ್ಯ ಇಲ್ಲ. ರಂಗಸ್ವಾಮಿ ಬಂದ್ರೆ ವಾಪಸ್ ಹೋಗು ಅಂತೀನಿ. ಸಮುದ್ರ... ಮುಂದಿನ ಬೇಸಿಗೆ."

ಆ ಕೊನೆಯ ಎರಡು ಪದ ಕೇಳಿ ದಾಕ್ಷಾಯಣಮ್ಮನ ಮುಖ ಸಣ್ಣದಾಯಿತು. ಇಪ್ಪತ್ತೆರಡು ವರ್ಷ ಕೇಳಿದ್ದ ಪದಗಳು. ಕಣ್ಣು ತುಂಬಿ ಬಂತು. ಅದನ್ನು ಸೆರಗಿನಿಂದ ಒರೆಸಿಕೊಂಡು, ದೀಪದೊಂದಿಗೆ ಸೀದಾ ಗಾಡಿ ಹತ್ತಿದರು.  ಈಶ್ವರಯ್ಯ ಕೆಸರಿನಲ್ಲಿ ಕೂತಲ್ಲೇ ಕತ್ತು ಚಾಚಿದರು.

"ಏನ್ರೀ, ತುಂಬಿದೆ ಅಂತಿದೆಯಲ್ಲ ಇದು?"

"ನೋಡ್ದಾ! ಅಷ್ಟೂ ನೀರು ನನ್ನ ಮೇಲೆ ಬಿದ್ದೈತೆ, ಅದು ತುಂಬಿದೆ ಅಂತದೆ! ಇಳಿದು ಬಾ, ದಮ್ಮಯ್ಯ!"

ಒಳಗಿನಿಂದ ಬಂದ ಮಾತು ಬಹಳ ಮೆತ್ತಗಿತ್ತು. "ರೀ... ಬೈಬಾರ್ದು. ಆ ತಗಡು ನಾನೇ ಅದಲು ಬದಲು ಮಾಡ್ದೆ. ಗುರುವಾರ ರಾತ್ರಿ, ನೀವು ಉಂಡು ಮಲಗಿದ ಮೇಲೆ. ದಕ್ಷಿಣದ ಕಡೆ 'ತುಂಬಿದೆ' ಹಾಕಿ, ಉತ್ತರಕ್ಕೆ 'ಖಾಲಿ' ಹಾಕ್ದೆ. ಯಮನ ಕಣ್ಣಿಗೆ ತುಂಬಿರೋ ಮನೆಯೇ ಕಾಣ್ಲಿ ಅಂತ."

ಈಶ್ವರಯ್ಯ ಬಾಯಿ ತೆರೆದರು. ಅಲ್ಲಿಂದಲೂ ಸ್ವಲ್ಪ ನೀರು ಬಂತು. ಬರೆದವರು ತಾವೇ, ಮೊಳೆಗೆ ಹಾಕಿದವರು ತಾವೇ. ಮೂರು ದಿನ ಮುಳ್ಳು ತೋರಿಸಿದ ಪದವನ್ನು ಓದಿದರೇ ಹೊರತು ಆ ತಗಡು ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ನೋಡಿರಲಿಲ್ಲ!

"ಹಂಗಾರೆ ನರಳಿದ್ದು ಯಾರು?" ಎಂದರು, ಕೊನೆಯ ಆಸೆಯಿಂದ.

ದಾಕ್ಷಾಯಣಮ್ಮ ಕೊಳಾಯಿಗೆ ಬೆರಳು ಹಾಕಿ, ಪಾಯಸದ ಕಡಲೆಬೇಳೆಯಂತೆ ಬೆಂದುಹೋಗಿದ್ದ ವಾಷರನ್ನು ಹೊರತೆಗೆದರು. "ನಿಮ್ಮ ಹಳೇ ಚಪ್ಪಲಿ." ನೆನೆದು ಮೆತ್ತಗಾದ ತೊಗಲು ನೂಲಿನೆಳೆಯಷ್ಟು ನೀರು ಬಿಡುತ್ತಿತ್ತು. ನೀರು ಜಾರಿದಾಗಲೆಲ್ಲ ಪಂಪು ಓಡುತ್ತಿತ್ತು. ಒಂದು ರಾತ್ರಿಯಲ್ಲಿ ಟ್ಯಾಂಕು ಪೂರಾ ಸೋರಿ, ಬೋಗುಣಿಯ ಪೈಪಿನಲ್ಲಿ ಹಿತ್ತಲ ಬಾಳೆಯ ಬುಡಕ್ಕೆ ಹೋಗಿತ್ತು. ಬಾಳೆ ಮೂರು ದಿನದಲ್ಲಿ ಹೊಸ ಸುಳಿ ಬಿಟ್ಟಿತ್ತು. ಅದನ್ನು ಕಂಡು ಸಂತೋಷಪಟ್ಟವರೂ ಈಶ್ವರಯ್ಯನವರೇ.

"ಆದ್ರೂ ನಾನು ಆಣೆ ಇಟ್ಟಿದ್ದು ಪಂಪಿನ ಮೇಲೆ," ಎಂದು ಅವರು ಮೀಸೆ ಹಿಂಡಿಕೊಂಡರು. "ಮುಳ್ಳಿನ ಮೇಲಲ್ಲ."

"ಪಂಪಿಗೆ 'ಪ್ಲೀಸ್ ಗೋ ಸಾ' ಅಂತ ಕೈ ಮುಗಿದಿದ್ದು ಯಾರು?"

ಕಂಡುಬಿಟ್ಟಿದ್ದಳು! ಈಶ್ವರಯ್ಯ ಎದ್ದು, ಅಂಗಡಿಯ ಪಂಪೊಂದರಿಂದ ಒಳ್ಳೆಯ ರಬ್ಬರು ವಾಷರು ಬಿಚ್ಚಿ ಕೊಳಾಯಿಗೆ ಹಾಕಿದರು. ಸೋಮವಾರ ಬೆಳಿಗ್ಗೆ ಟ್ಯಾಂಕು ಮತ್ತೆ ತುಂಬಿಸಿ, ಗಾಡಿಯ ಕೊಳಾಯಿಯ ನೀರಿನಲ್ಲೇ ಮೀಸೆಯ ಕ್ಷೌರವಾಯಿತು. ಜೀಪು ತಂದ ರಂಗಸ್ವಾಮಿ, "ಈಶ್ವರ ಇಲ್ವೇನಮ್ಮ?" ಎಂದು ಈಶ್ವರಯ್ಯನವರನ್ನು ಪಕ್ಕದಲ್ಲೇ ಇಟ್ಟುಕೊಂಡು ಕೇಳಿದ.

ಹೊರಟರು. ಜೀಪಿನಲ್ಲಿ ಗಂಡಸರಿಬ್ಬರು, ಹಿಂದಿನ ಗಾಡಿಮನೆಯಲ್ಲಿ ಸೀಸೆ ಹಿಡಿದು ದಾಕ್ಷಾಯಣಮ್ಮ. ಶಾಂತಿಗ್ರಾಮದ ತಿರುವಿನಲ್ಲಿ ರಸ್ತೆ ಹೊರಳಿತು. ಈಶ್ವರಯ್ಯ ಬೆರಳಲ್ಲಿ ದಿಕ್ಕಿನ ಲೆಕ್ಕ ಹಾಕಿದರು. ರಸ್ತೆ ಹೊರಳಿದರೆ ಗಾಡಿ ಹೊರಳುತ್ತದೆ, ಗಾಡಿ ಹೊರಳಿದರೆ ಗೋಡೆ ಹೊರಳುತ್ತದೆ, ಗೋಡೆ ಹೊರಳಿದರೆ ಯಮ? "ನಿಲ್ಸೋ, ನಿಲ್ಸೋ!" ಎಂದು ಇಳಿದು ಓಡಿದರು.

"ದಾಕ್ಷಾಯಣಿ, ಖಾಲಿ ಈಗ ಯಾವ ದಿಕ್ಕಿಗೈತೆ?"

ಆಕೆ ಕಿಟಕಿಯಿಂದ ಕೈ ಚಾಚಿ ಮುಷ್ಟಿ ಬಿಚ್ಚಿದರು. ಎರಡೂ ತಗಡು ಅಲ್ಲಿದ್ದವು.

"ಹೊರಡೋ ಮುಂಚೇನೇ ಕಿತ್ತೆ. ಘಟ್ಟದಾಗೆ ನೂರು ತಿರುವು, ಎಷ್ಟು ಸಲ ಅಂತ ಬದಲಾಯಿಸ್ಲಿ?"

"ಹಂಗಾರೆ ಒಳಗೆ ನೀರೈತೋ ಇಲ್ವೋ ಅಂತ ಗೊತ್ತಾಗೋದೆಂಗೆ?"

ದಾಕ್ಷಾಯಣಮ್ಮ ಬಗ್ಗಿ ಬೆರಳ ಗಿಣ್ಣಿನಿಂದ ಟ್ಯಾಂಕಿಗೆ ಎರಡು ಕುಟ್ಟಿದರು. ತುಂಬಿದ ಸದ್ದು ಬಂತು.

"ಕುಟ್ಟಿದ್ರೆ ಅದೇ ಹೇಳ್ತದೆ. ನಿಮ್ಮ ತಲೇನ ಇಪ್ಪತ್ತೆರಡು ವರ್ಷದಿಂದ ನಾನು ಇನ್ನೆಂಗ್ರೀ ನೋಡ್ಕೊಂಡು ಬಂದಿರೋದು? ಜೀಪು ಹತ್ತ್ರಿ, ಸಮುದ್ರ ಕಾಯ್ತಾ ಐತೆ."

ಈಶ್ವರಯ್ಯ ಅಭ್ಯಾಸಬಲದಿಂದ ಮೀಸೆ ತಿರುವಲು ಕೈ ಎತ್ತಿದರು. ಅಲ್ಲಿ ಖಾಲಿ ಇತ್ತು.