ಬ್ಯೂಗಲ್ ಊದಿತು, ನಳ ಬಂತು

ಸಂಗೀತದ ಮೇಲೆ ನನಗೆ ದ್ವೇಷವಿಲ್ಲ. ಬೆಳಗಿನ ಆರಕ್ಕೆ, ನನ್ನ ನೆತ್ತಿಯ ಮೇಲಿನ ಮಾಳಿಗೆಯಲ್ಲಿ ಅದು ನಡೆಯಬಾರದು, ಅಷ್ಟೆ. ನನ್ನ ಸೊಸೆ ಪರಿಮಳಾಳಿಗೆ ಹೋಮ್‌ಗಾರ್ಡ್ ಬ್ಯಾಂಡು ಸೇರುವ ಹಂಬಲ. ವಾರಕ್ಕೆರಡು ದಿನ ಪರೇಡು, ಉಳಿದ ದಿನ ಎಂದಿನಂತೆ ಹೊಲಿಗೆ ಮಷಿನ್ನು. ಖಾಲಿಯಿದ್ದದ್ದು ಬ್ಯೂಗಲ್ ಊದುವವರ ಒಂದೇ ಜಾಗ, ಯಾದಗಿರಿಯಲ್ಲಿ ಪರೀಕ್ಷೆಗೆ ಒಂದೇ ತಿಂಗಳು. ಕಾಲೇಜಿನ ಎನ್‌ಸಿಸಿಯಲ್ಲಿ ಊದಿದ್ದಳಂತೆ. ವಿದ್ಯೆ ಮರೆತಿತ್ತು, ಧೈರ್ಯ ಹಾಗೇ ಇತ್ತು.

ಮೊದಲ ದಿನದ ಧ್ವನಿ! ಪ್ರಾಣಿಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಮೂವತ್ನಾಲ್ಕು ವರ್ಷ ಪಾಠ ಹೇಳಿದ ನನಗೂ ಅದು ಯಾವ ಪ್ರಾಣಿಯದೆಂದು ತಿಳಿಯಲಿಲ್ಲ.

ಮೂರನೆಯ ದಿನ ಎದುರುಮನೆಯ ಸರ್ವರಬೇಗಂ ಬಂದೇಬಿಟ್ಟಳು.

"ಮೇಡಂ, ನಮ್ಮ ಆಡು ಹಾಲು ಕೊಡೋದು ಬಂದ್ ಮಾಡ್ಯದ. ನಿಮ್ಮ ಸೊಸಿಗಿ ಏನ್ ಬ್ಯಾನಿ ಆಗ್ಯದ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮಾಳಿಗೆಯಿಂದ ಬ್ಯೂಗಲ್ಲಿನ ಉದ್ದನೆಯ ಕೂಗು, ಅದರ ಹಿಂದೆಯೇ ಪರಿಮಳಾಳ ಕೂಗು: "ಅತ್ತಿ, ಮರಿಲಿಂಗ ವಾಲ್ ತಿರುವಾಕತ್ತಾನ್ರಿ! ನಳ ಬರ್ತದ!"

ಮರಿಲಿಂಗ ನೀರು ಬಿಡುವವನು; ಆತ ವಾಲ್ ತಿರುಗಿಸಿದರೇ ನಳದಲ್ಲಿ ನೀರು. ಶಹಾಪುರದ ನಮ್ಮ ಓಣಿಗೆ ನಳ ಬರುವುದು ಮೂರು ನಾಲ್ಕು ದಿನಕ್ಕೊಮ್ಮೆ, ಹೊತ್ತುಗೊತ್ತಿಲ್ಲದೆ. ಸರ್ವರಬೇಗಂ ದೂರನ್ನು ನನ್ನ ಹೊಸ್ತಿಲಲ್ಲೇ ಬಿಟ್ಟು, ಕೊಡ ತರಲು ಓಡಿದಳು. ಸಂಜೆ ಒಂದು ತಟ್ಟೆ ಮಂಡಕ್ಕಿ ಸುಸಲಾ ತಂದು, "ಊದ್ಲಿ ಬಿಡ್ರಿ ಮೇಡಂ. ಮರಿಲಿಂಗ ಬಂದಾಗ ಮಾತ್ರ ಜೋರಾಗಿ ಊದಂತ ಹೇಳ್ರಿ. ಆಡಿಂದು ನಾ ನೋಡ್ಕೋತೀನಿ" ಎಂದಳು.

ಅಂದಿನಿಂದ ಹೊಸ ಶಾಸನ ಜಾರಿಗೆ ಬಂತು. ದಿನದ ಅಭ್ಯಾಸ ಮೆಲ್ಲಗೆ. ಮರಿಲಿಂಗನ ಸೈಕಲ್ಲು ಮೂಲೆಯಲ್ಲಿ ಕಂಡರೆ, ಪರೀಕ್ಷೆಯಲ್ಲಿ ಊದಬೇಕಿದ್ದ ಆ ಉದ್ದ ಕರೆ. ಕೂಡಲೇ ಇಡೀ ಓಣಿ ಕೊಡ ಹಿಡಿದು ಹೊರಗೆ!

ನಾನು ಸುಮ್ಮನಿರಲಾರದೆ ನಳದ ಮುಂದೆ ಪಾಠ ಮಾಡಿದೆ. "ನಾಯಿಗೆ ದಿನಾ ಗಂಟಿ ಹೊಡದು ಕೂಳು ಹಾಕಿದ್ರ, ಕಡೀಕ ಬರೇ ಗಂಟಿಗೇ ಅದು ಜೊಲ್ಲು ಸುರಸ್ತದ. ನಿಮ್ಮದೂ ಅದೇ ಗತಿ ಆಗ್ಯದ."

"ನಿಮಗ ಆಗಂಗಿಲ್ಲೇನ್ರಿ?" ಎಂದಳು ಸರ್ವರಬೇಗಂ.

"ವಿಚಾರ ಮಾಡೋರಿಗೆ ಆಗಂಗಿಲ್ಲ."

(ಆಗ ನನ್ನ ಎರಡೂ ಕೈಗಳಲ್ಲಿ ಕೊಡಗಳಿದ್ದದ್ದು ಕೇವಲ ಕಾಕತಾಳೀಯ.)

ಪರೀಕ್ಷೆಯ ದಿನ ನಾನೂ ಯಾದಗಿರಿಗೆ ಹೋದೆ. ಮಮತೆಯಿಂದಲ್ಲ, ಪರೀಕ್ಷೆ ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡಲು. ಮೊದಲು ಸುರಪುರದ ಭೀಮರಾಯನೆಂಬ ಯುವಕ ಊದಿದ. ಒಂದು ತಪ್ಪಿಲ್ಲ. ಬ್ಯಾಂಡ್ ಮಾಸ್ತರರು ತಲೆದೂಗಿದರು. ಪರಿಮಳಾಳ ತುಟಿ ಒಣಗಿದ್ದು ನನಗೆ ಮೈದಾನದಂಚಿನ ಕಟ್ಟೆಯ ಮೇಲಿನಿಂದಲೇ ಕಂಡಿತು. ಆಕೆಯ ಸರದಿ ಬಂತು, ಮೊದಲ ಸ್ವರವೇ ಒಡೆಯಿತು. ಒಂದು ತಿಂಗಳು ನಾನು ನಿದ್ದೆಗೆಟ್ಟದ್ದು ವ್ಯರ್ಥವಾಯಿತು ಎಂದುಕೊಂಡೆ. ಆಕೆ ಕಣ್ಣು ಮುಚ್ಚಿ, ಉಸಿರು ತುಂಬಿಕೊಂಡು ಮತ್ತೆ ಊದಿದಳು. ಅದೇ ಉದ್ದ ಕರೆ.

ಮುಂದಿನದು ನನಗೆ ಸ್ಪಷ್ಟವಾಗಿ ನೆನಪಿಲ್ಲ. ಎಚ್ಚರವಾದಾಗ ನಾನು ಪರೇಡ್ ಮೈದಾನದ ನಟ್ಟನಡುವೆ ಓಡುತ್ತಿದ್ದೆ. ಕೈಯಲ್ಲಿ, ಬೆಂಕಿ ಆರಿಸಲೆಂದು ಗೋಡೆಗೆ ತೂಗುಹಾಕಿದ್ದ ಕೆಂಪು ಬಕೆಟ್ಟು. ಅದರ ಮರಳು ನನ್ನ ಹಿಂದೆ ಉದ್ದಕ್ಕೂ ಚೆಲ್ಲಿತ್ತು.

"ಎಲ್ಲಿಗಿ ಹೊಂಟೀರಿ, ತಾಯಿ?" ಎಂದರು ಮಾಸ್ತರರು.

"ನಳ ಬಂದದ!" ಎಂದುಬಿಟ್ಟೆ.

ಮೈದಾನವೆಲ್ಲ ನಕ್ಕಿತು. ಪರಿಮಳಾ ನೆಲ ನೋಡಿದಳು. ಮಾಸ್ತರರು ಮಾತ್ರ ನಗಲಿಲ್ಲ.

"ಭೀಮರಾಯ ಬರೋಬರಿ ಊದ್ಯಾನ, ಎಲ್ಲಾರೂ ಕುಂತು ಕೇಳಿದಿವಿ. ಆದ್ರ ಬ್ಯೂಗಲ್ ಕುಂತು ಕೇಳೋದಲ್ಲ, ಕೇಳಿದವರು ಎದ್ದು ಓಡಬೇಕು. ಈಕಿ ಎಪ್ಪತ್ತು ವರ್ಷದವ್ರನ್ನ ಓಡಿಸ್ಯಾಳ! ಭೀಮರಾಯ, ನೀ ಡ್ರಮ್ಮಿಗಿ ಬಾ."

"ಅರವತ್ತೊಂಬತ್ತು" ಎಂದು ತಿದ್ದಿದೆ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಪರಿಮಳಾಳ ಹೆಸರನ್ನು ಬರೆದುಕೊಂಡರು.

ವಾಪಸು ಬರುವ ಬಸ್ಸಿನಲ್ಲಿ, ಊರು ಹತ್ತಿರ ಬಂದಾಗ, ಆಕೆ ಬಹಳ ವಿನಯದಿಂದ ಕೇಳಿದಳು:

"ಅತ್ತಿ, ಆ ನಾಯಿ ಪಾಠ ಇನ್ನೊಮ್ಮಿ ಹೇಳ್ರಿ."

"ಅದನ್ನ ಸಿಲಬಸ್ಸಿನಾಗಿಂದ ತಗದಾರ" ಎಂದು ನಾನು ಕಿಟಕಿಯ ಕಡೆ ತಿರುಗಿದೆ.