ಬಯಕೆ ಬುತ್ತಿಗೆ ಸುಶಿ

ನನ್ನ ಪಾಲಿಗೆ ಬರುವ ಕೆಲಸಗಳೆಲ್ಲ ಹೀಗೇ, ಮಂದಿಗೆ ನಗು, ನನಗೆ ಸಿಟ್ಟು. ಈ ಸಲದ್ದು ಶುರುವಾದದ್ದು ಸುರಪುರದಿಂದ ಬಂದ ಮಗಳ ಫೋನಿನಿಂದ. ಆಕೆ ಬಸುರಿ. ತಿಂದದ್ದೊಂದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ನಮ್ಮ ಕಡೆ ಬಸುರಿ ಮಗಳು ಬಯಸಿದ್ದನ್ನು ತವರಿನವರು ಬುತ್ತಿ ಕಟ್ಟಿ ಒಯ್ಯುವುದು ರೂಢಿ.

"ಏನ್ ತರ್ಲಿ, ಹೇಳವ್ವ. ಹುಳಿ ಬುತ್ತಿ ತರ್ಲೇನು, ಮಾದ್ಲಿ ತರ್ಲೇನು?" ಎಂದೆ.

"ಅವ್ವಾ, ಸುಶಿ ಬೇಕು," ಎಂದಳು.

ಜಪಾನಿನವರ ತಿನಿಸಂತೆ. ಮೊಬೈಲಿನಲ್ಲಿ ನೋಡಿ ಆಸೆಪಟ್ಟಿದ್ದಳು. ನಾನು ಬಸುರಿಯಾಗಿದ್ದಾಗ ನನ್ನ ತಾಯಿ ಸೆರಗಿನಲ್ಲಿ ಹುಣಸೆಕಾಯಿ ತಂದುಕೊಟ್ಟು ಕೈ ತೊಳೆದುಕೊಂಡಿದ್ದಳು! ಆದರೂ ಮಗಳು ಏನಾದರೂ ಉಣ್ಣಬೇಕಲ್ಲ. ಒಯ್ಯದಿದ್ದರೆ ಆಕೆಯ ಅತ್ತೆ, ಅಂದರೆ ನನ್ನ ಬೀಗತಿ, ವರ್ಷಗಟ್ಟಲೆ ಆಡಿಕೊಳ್ಳುತ್ತಾಳೆ.

ಬಡಿಯುವ ಕೈ

ನಮ್ಮ ಯಾದಗಿರಿಯಲ್ಲಿ ಒಬ್ಬ ಹುಡುಗಿ ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿ ಅಡುಗೆ ಕ್ಲಾಸು ನಡೆಸುತ್ತಾಳೆ. ಹೈದರಾಬಾದಿನಲ್ಲಿ ಕಲಿತವಳು. ಸುಶಿ ಕಲಿಯಲು ಹೋದೊಡನೆ ಹಸಿ ಮೀನಿನ ಮಾತು ತೆಗೆದಳು. ಬಸುರಿಗೆ ಹಸಿ ಮೀನು ತಿನ್ನಿಸು ಎನ್ನುವ ಇವಳನ್ನು ಹೆತ್ತವರು ಯಾರು ಎಂದು ನನಗೆ ಮೈ ಉರಿಯಿತು. ಜಗಳವಾಡಿ ಸೌತೆಕಾಯಿ, ಗಜ್ಜರಿಗೆ ಇಳಿಸಿದೆ.

ಅನ್ನಕ್ಕೆ ಹುಳಿಗೆಂದು ವಿನೆಗರ್ ಬೆರೆಸಿದಳು. ಕಡಲ ಪಾಚಿಯ ಒಂದು ಕರಿ ಹಾಳೆ ಹಾಸಿ, ಅದರ ಮೇಲೆ ಆ ಅನ್ನ ಹರಡಲು ಹೇಳಿದಳು; ಆಮೇಲೆ ನಡುವೆ ತರಕಾರಿ ಇಟ್ಟು ಸುರುಳಿ ಸುತ್ತಬೇಕಂತೆ. ಕ್ಲಾಸಿಗೆ ಬಂದಿದ್ದ ಹೆಂಗಸರು ನಾವೆಲ್ಲ ಹುಟ್ಟಾ ಜೋಳದ ರೊಟ್ಟಿ ಬಡಿಯುವವರು. ಹರಡು ಎಂದರೆ ನಮ್ಮ ಕೈ ತಾನಾಗಿಯೇ ಬಡಿಯುತ್ತದೆ. ಎಲ್ಲರೂ ಸೇರಿ ಪಟಪಟ ಬಡಿದೆವು. ಹಾಳೆಗಳು ಹರಿದವು, ಅನ್ನ ಗೋಡೆಗೆ ಹಾರಿತು.

"ಸವರ್ರಿ ಆಂಟಿ, ಬಡೀಬ್ಯಾಡ್ರಿ!" ಎಂದು ಹುಡುಗಿ ಅಳುವುದೊಂದೇ ಬಾಕಿ.

"ಬಡೀದ ಅದು ಹ್ಯಾಂಗ ಅಗಲ ಆಗ್ತದವ್ವ?" ಎಂದು ನಾನೂ ಬಿಡಲಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ಮನೆ ಮಾಲಕ ಮೆಟ್ಟಿಲೇರಿ ಬಂದ. "ಇಷ್ಟ್ ರೊಟ್ಟಿ ಬಡ್ಯಾಕತ್ತೀರಲ್ಲ, ಯಾರ ಮನಿ ಮದಿವಿರಿ? ನಮಗೂ ಎರಡು ಬಿಸೇವು ಕಳಸ್ರಿ."

ಸಿಪ್ಪೆ

ಹಾಳೆ ತರಿಸಿಕೊಂಡು ಮನೆಯಲ್ಲಿ ಅಭ್ಯಾಸ ಮಾಡಿದೆ. ಕೊನೆಗೊಂದು ದಿನ ಸುರುಳಿ ಅಚ್ಚುಕಟ್ಟಾಗಿ ಬಂತು. ಕತ್ತರಿಸಿ ಯಜಮಾನರ ಮುಂದಿಟ್ಟು ನೀರು ತರಲು ಹೋದೆ. ಬಂದು ನೋಡಿದರೆ ತಾಟಿನ ಅಂಚಿಗೆ ಕರಿ ಹಾಳೆಯ ಗುಡ್ಡೆ! ಬಾಳೆಹಣ್ಣಿನಂತೆ ಒಂದೊಂದನ್ನೇ ಸುಲಿದು, ಒಳಗಿನ ಅನ್ನವನ್ನು ಉಪ್ಪಿನಕಾಯಿಗೆ ಹಚ್ಚಿಕೊಂಡು ಉಣ್ಣುತ್ತಿದ್ದರು. ಸಿಟ್ಟಿಗೆ ನೀರಿನ ತಂಬಿಗೆ ಕುಕ್ಕಿದೆ.

"ಹೇಳಾಕ ಮರ್ತೆ," ಎಂದರು ತಲೆ ಎತ್ತದೆ. "ಪ್ಯಾಕಿಂಗ್ ಭಾಳ ಚಲೋ ಮಾಡೀದಿ."

ದೂರದ ಊರು

ಸುರುಳಿಗಳನ್ನು ಡಬ್ಬಿಗೆ ತುಂಬಿ, ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ ಬಸ್ಸು ಹತ್ತಿದೆ. ಶಹಾಪುರದಲ್ಲಿ ಒಬ್ಬ ಮುದುಕಿ ಪಕ್ಕಕ್ಕೆ ಬಂದು ಕೂತಳು. ಗಂಟು ನೋಡಿಯೇ ಗುರುತು ಹಿಡಿದಳು.

"ಬಯಕಿ ಬುತ್ತಿ ಹೌದಲ್ಲೇನವ್ವ? ಎಲ್ಲೀದು?"

"ಜಪಾನಿಂದು," ಎಂದೆ, ಸ್ವಲ್ಪ ಜಂಬದಿಂದಲೇ.

ಮುದುಕಿ ನನ್ನನ್ನೇ ಕನಿಕರದಿಂದ ನೋಡಿದಳು. "ಅಷ್ಟ್ ದೂರ ಕೊಟ್ಟೀಯೇನ್ ಮಗಳನ್ನ? ಈ ಬಸ್ಸು ಸುರಪುರದ ತನಕ ಅಷ್ಟ ಹೋಗ್ತದ, ತಂಗಿ. ಕಂಡಕ್ಟರ್‌ಗ ಕೇಳು."

ಒಗ್ಗರಣೆ

ಬೀಗತಿ ಬಾಗಿಲಲ್ಲೇ ಗಂಟು ಇಸಿದುಕೊಂಡಳು. "ಹಂಗ ಇಡ್ರಿ, ನಾನ ತಾಟಿಗಿ ಹಚ್ತೀನಿ," ಎಂದು ನಾನು ಆಕೆಗೆ ಹೇಳಿ, ಕಾಲು ತೊಳೆದು, ಸೊರಗಿ ಮಲಗಿದ್ದ ಮಗಳ ತಲೆ ನೇವರಿಸುತ್ತ ಕೂತೆ. ಆಗ ಮೂಗಿಗೆ ಬೆಳ್ಳುಳ್ಳಿ ಒಗ್ಗರಣೆಯ ಘಮ ಬಡಿಯಿತು. ಅಡುಗೆ ಮನೆಗೆ ಓಡಿದೆ.

ದೊಡ್ಡ ಪರಾತದಲ್ಲಿ ನನ್ನ ಸುಶಿ! ಸುರುಳಿ ಬಿಚ್ಚಿ, ಹಾಳೆ ಹರಿದು, ಶೇಂಗಾ ಚಟ್ನಿಪುಡಿ ಸುರಿದು, ಬೀಗತಿ ಮೊಣಕೈ ತನಕ ಕಲಸುತ್ತಿದ್ದಳು.

"ಏನ್ ಮಾಡಾಕತ್ತೀರಿ!" ಎಂದು ಚೀರಿದೆ.

ಬೀಗತಿ ದನಿ ಇಳಿಸಿದಳು. "ಮೆಲ್ಲಕ ಮಾತಾಡ್ರಿ. ಹುಳಿ ಬುತ್ತಿ ಚಲೋನ ಮಾಡೀರಿ, ಒಗ್ಗರಣಿ ಕೊಡೋದು ಮರ್ತೀರಿ. ಓಣಿ ಹೆಣಮಕ್ಕಳು ಬುತ್ತಿ ಉಣ್ಣಾಕ ಬರೋ ಹೊತ್ತು. ನಿಮ್ಮ ಮಾನ ಹೋಗಬಾರ್ದಂತ ನಾನ ಮುಚ್ಚಿ ಹಾಕೀನಿ."

ರೊಟ್ಟಿ ಬಡಿಯುವ ಕೈಗೆ ಸವರುವುದನ್ನು ಕಲಿಸಿದ್ದು ಈ ಕಲಸನ್ನಕ್ಕೇನು? ಅಷ್ಟರಲ್ಲಿ ಘಮಕ್ಕೆ ಮಗಳು ತಾನಾಗಿಯೇ ಎದ್ದು ಬಂದಳು. ತಾಟು ಒಡ್ಡಿದಳು. ಉಂಡಳು. ಮತ್ತೆ ನೀಡಿಸಿಕೊಂಡಳು. ಸಂಜೆಯ ತನಕ ಜೀವ ಹಿಡಿದು ಕಾದೆ, ಒಂದು ಅಗುಳೂ ಹೊರಗೆ ಬರಲಿಲ್ಲ. ನನ್ನ ಕಣ್ಣು ತುಂಬಿದ್ದು ನಿಜ, ಹಲ್ಲು ಕಡಿದದ್ದೂ ನಿಜ.

"ಅವ್ವಾ, ಸುಶಿ ಇಷ್ಟ್ ರುಚಿ ಇರ್ತದಂತ ಗೊತ್ತಿರಲಿಲ್ಲ," ಎಂದಳು ಮಗಳು.

ಬೀಗತಿ ನನ್ನ ಬೆನ್ನು ಸವರಿದಳು. "ಮುಂದಿನ ಸಲ ಒಂದಿನ ಮೊದಲ ಬರ್ರಿ, ಬೀಗತ್ಯಾರ. ಸುಶಿ ಮಾಡೋದು ನಾ ಕಲಸ್ತೀನಿ."